ನೇತ್ರಾಣಿಗೆ ಇಳಿಯುವ ಮುಂಚೆ ಹಳದಿ ಪೈಪು ನೋಡಿಕೊಳ್ಳಿ

ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗಿ ಬಂದೆ ಅಂದರೆ ಜನ ಕೇಳುವುದು ಎರಡೇ: ದುಡ್ಡು ಎಷ್ಟಾಯ್ತು, ವಿಡಿಯೊ ಕೊಟ್ಟರಾ. ನೀರಿನಡಿ ಗಾಳಿ ನಿಂತರೆ ಏನು ಗತಿ ಅಂತ ಯಾರೂ ಕೇಳಲ್ಲ. ಮೊದಲ ಸಲ ಹೋದಾಗ ನಾನೂ ಕೇಳಿರಲಿಲ್ಲ. ಆಗ ನನಗೆ ಈಜೂ ಬರುತ್ತಿರಲಿಲ್ಲ. ಇನ್‌ಸ್ಟ್ರಕ್ಟರ್ ನನ್ನ ಸಿಲಿಂಡರ್ ಹಿಡಿದುಕೊಂಡು, ಮಗುವಿಗೆ ಜಾತ್ರೆ ತೋರಿಸಿದ ಹಾಗೆ ಸುತ್ತಿಸಿ ತಂದಿದ್ದರು. ಅಂಥ ಒಂದು ದಿನದ ಡೈವ್‌ಗೆ ಹೋಗುವವರ ಗಾಳಿಯ ಚಿಂತೆ ಇನ್‌ಸ್ಟ್ರಕ್ಟರ್‌ದು. ನಾನು ಬರೆಯುತ್ತಿರುವುದು ಡೈವಿಂಗ್ ಕಲಿಸುವ ಮೊದಲ ಕೋರ್ಸ್, ಓಪನ್ ವಾಟರ್, ಮುಗಿಸಿ ತಮ್ಮ ಗಾಳಿ ತಾವೇ ನೋಡಿಕೊಳ್ಳಬೇಕಾದವರಿಗೆ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಮುರುಡೇಶ್ವರಕ್ಕೆ ರೈಲಿದೆ. ಅಲ್ಲಿಂದ ದ್ವೀಪ ಸುಮಾರು 19 ಕಿ.ಮೀ., ನಮ್ಮ ಬೋಟಿಗೆ ಒಂದೂವರೆ ಗಂಟೆ ಹಿಡಿಯಿತು. ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಹೊಟ್ಟೆ ತೊಳಸುವವರು ಬೆಳಿಗ್ಗೆ ಎರಡು ಇಡ್ಲಿಗೆ ನಿಲ್ಲಿಸಿ.

ಹೋದ ಡಿಸೆಂಬರಿನಲ್ಲಿ ನಾನು, ನಮ್ಮ ಭಾವ ಬಡ್ಡಿಗಳಾಗಿ, ಅಂದರೆ ನೀರಿನಡಿ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಜೋಡಿಯಾಗಿ, ಇಳಿದೆವು. ಬೋಟಿನ ಮೇಲೆ ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ನನ್ನ ಗೇಜು 200 ಬಾರ್ ತೋರಿಸುತ್ತಿತ್ತು, ಉಸಿರೂ ಸಲೀಸಾಗಿ ಬರುತ್ತಿತ್ತು. 14 ಮೀಟರಿಗೆ ಇಳಿದ ಮೇಲೆ ಉಸಿರು ಬಿಗಿಯಾಗತೊಡಗಿತು, ಗಟ್ಟಿ ಮಿಲ್ಕ್‌ಶೇಕನ್ನು ಸಣ್ಣ ಸ್ಟ್ರಾದಲ್ಲಿ ಎಳೆದ ಹಾಗೆ. ಗೇಜು ನೋಡಿದರೆ ಮುಳ್ಳು ಕುಣಿಯುತ್ತಿದೆ. ಎಳೆದಾಗ ಸರ್ರನೆ ಕೆಳಗೆ, ಬಿಟ್ಟಾಗ ಮತ್ತೆ ಮೇಲೆ.

ಸಿಲಿಂಡರಿನಲ್ಲಿ ಗಾಳಿ ಬೇಕಾದಷ್ಟಿತ್ತು. ವಾಲ್ವ್ ಮಾತ್ರ ಪೂರ್ತಿ ತೆರೆದಿರಲಿಲ್ಲ. ಯಾರೋ ಗಡಿಬಿಡಿಯಲ್ಲಿ ಮುಚ್ಚಿ, ಒಂದಿಷ್ಟೇ ತಿರುಗಿಸಿ ಬಿಟ್ಟಿದ್ದರು. ಮೇಲೆ ಅಷ್ಟು ಸಂದು ಸಾಕು. 14 ಮೀಟರಿನಲ್ಲಿ ಒತ್ತಡ 2.4 ಪಟ್ಟು, ಒಂದೊಂದು ಉಸಿರಿಗೂ ಅಷ್ಟೇ ಪಟ್ಟು ಗಾಳಿ ಬೇಕು. ತಪ್ಪು ಯಾರದ್ದೇ ಇರಲಿ, ನೋಡಿಕೊಳ್ಳದೆ ಇಳಿದವನು ನಾನು. ಗೇಜನ್ನು ಬರೀ ನೋಡಿದರೆ ಆಗಲ್ಲ, ಅದನ್ನು ನೋಡುತ್ತಲೇ ನಾಲ್ಕು ಸಲ ಜೋರಾಗಿ ಉಸಿರೆಳೆಯಬೇಕು. ಮುಳ್ಳು ಅಲ್ಲಾಡಬಾರದು.

ಭಾವ ಆರೇಳು ಮೀಟರ್ ಮುಂದೆ ಒಂದು ಆಮೆಯ ಹಿಂದೆ ಬಿದ್ದಿದ್ದರು. ಆ ಆರೇಳು ಮೀಟರ್ ನನಗೆ ಇವತ್ತಿಗೂ ನೆನಪಿದೆ. ಕಾಲು ಹಿಡಿದು ಎಳೆದೆ, ಗಾಳಿ ಇಲ್ಲ ಅಂತ ಕತ್ತಿನ ಮುಂದೆ ಅಂಗೈ ಅಡ್ಡ ಆಡಿಸಿದೆ. ಗಾಳಿ ನಿಂತವನಿಗೆ ಕೊಡಲೆಂದೇ ಇರುವ ಎರಡನೇ ಮೌತ್‌ಪೀಸು, ಅವರ ಹಳದಿ ಪೈಪಿನ ಆಕ್ಟೋಪಸ್, ಎದೆಯ ಕ್ಲಿಪ್ಪಿನಲ್ಲಿ ಇರಲಿಲ್ಲ, ಎಲ್ಲೋ ಸೊಂಟದ ಕೆಳಗೆ ಜೋತಾಡುತ್ತಿತ್ತು. ತಡಕಿ ಹುಡುಕಿ ಕೊಟ್ಟರು. ಬಾಯಿಗಿಟ್ಟು, ಪರ್ಜ್ ಬಟನ್ ಒತ್ತಿ ನೀರು ಹೊರಹಾಕಿ, ಒಬ್ಬರ ತೋಳು ಒಬ್ಬರು ಹಿಡಿದುಕೊಂಡೆವು. ಅಷ್ಟರಲ್ಲಿ ಇನ್‌ಸ್ಟ್ರಕ್ಟರ್ ಬಂದು ನನ್ನ ಬೆನ್ನ ಹಿಂದೆ ಕೈಹಾಕಿ ವಾಲ್ವಿನ ನಾಬ್ ತಿರುಗಿಸಿದರು. ಮುಳ್ಳು ನಿಂತಿತು. ಆದರೂ ನಿಧಾನವಾಗಿ ಮೇಲೆ ಬಂದೆವು, ಸುರಕ್ಷತೆಗೆಂದು 5 ಮೀಟರಿನಲ್ಲಿ 3 ನಿಮಿಷ ನಿಂತೇ.

ಬಡ್ಡಿ ಕೈಗೆ ಸಿಗದಿದ್ದರೆ? 9 ಮೀಟರಿನೊಳಗಿದ್ದರೆ ಒಂದೇ ಉಸಿರಿನಲ್ಲಿ ಈಜಿ ಮೇಲೆ ಬರಬಹುದು. ಕೋರ್ಸಿನಲ್ಲಿ ಇದನ್ನು ಮಾಡಿಸುತ್ತಾರೆ: ರೆಗ್ಯುಲೇಟರ್ (ಉಸಿರೆಳೆಯುವ ಮೌತ್‌ಪೀಸು) ಬಾಯಲ್ಲೇ ಇರಬೇಕು, ತಲೆ ಮೇಲೆ, ದಾರಿಯುದ್ದಕ್ಕೂ ‘ಆ...’ ಅನ್ನುತ್ತಾ ಗಾಳಿ ಬಿಡುತ್ತಲೇ ಇರಬೇಕು. ಉಸಿರು ಬಿಗಿಹಿಡಿದರೆ 10 ಮೀಟರಿನ ಒಂದು ಎದೆಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತೆ, ಶ್ವಾಸಕೋಶ ತಡೆಯಲ್ಲ. ಇನ್ನೊಂದು ಸಮಾಧಾನವೆಂದರೆ, ಖಾಲಿ ಅನ್ನಿಸಿದ ಸಿಲಿಂಡರ್ ಕೂಡ ಮೇಲೇರಿದಂತೆ ಒತ್ತಡ ತಗ್ಗಿ ಒಂದೆರಡು ಉಸಿರು ಕೊಡುವುದುಂಟು. ಇನ್ನೂ ಆಳದಲ್ಲಿದ್ದು ಮೇಲೆ ಮುಟ್ಟುವ ನಂಬಿಕೆಯೇ ಇಲ್ಲದಿದ್ದರೆ ಸೀಸದ ತೂಕ ಕಳಚಿ ಬಿಡುವುದು, ಅದು ಕೊನೆಯ ದಾರಿ, ಏರುವ ವೇಗ ಕೈತಪ್ಪುತ್ತೆ. ಒಂದೇ ಮೌತ್‌ಪೀಸನ್ನು ಇಬ್ಬರು ಹಂಚಿಕೊಂಡು ಉಸಿರಾಡುವುದನ್ನು ಹಳಬರು ಹೇಳುತ್ತಾರೆ. ಗಾಬರಿಯಾದವನ ಬಾಯಿಂದ ಅದನ್ನು ವಾಪಸ್ ಕೀಳುವುದು ನನ್ನ ಕೈಲಾಗದ ಕೆಲಸ.

ರೆಗ್ಯುಲೇಟರ್ ಕೆಟ್ಟು ಗಾಳಿ ಬುಸುಗುಟ್ಟಿ ಹರಿಯತೊಡಗಿದರೆ ಅದನ್ನು ಬಿಸಾಡಬೇಡಿ. ತುಟಿಯನ್ನು ಬಿಗಿಯಾಗಿ ಮುಚ್ಚದೆ, ಹೆಚ್ಚಿನ ಗಾಳಿ ಹೊರಗೆ ಹೋಗಲು ಬಿಟ್ಟು, ಬೇಕಾದಷ್ಟನ್ನು ಹೀರುತ್ತಾ ಮೇಲೆ ಬನ್ನಿ. ಸಿಲಿಂಡರ್ ಬೇಗ ಬರಿದಾಗುತ್ತೆ, ತಡಮಾಡುವ ಹಾಗಿಲ್ಲ.

ಈ ಘಟನೆಯಾದ ಮೇಲೆ ನಾನು ಆನ್‌ಲೈನಿನಲ್ಲಿ ಪುಟ್ಟ ಬಾಟಲಿ ಸಿಲಿಂಡರ್ ಹುಡುಕಿದೆ, ಸ್ಪೇರ್ ಏರ್ ಥರದ್ದು. ನಾನು ನೋಡಿದವುಗಳ ಪೈಕಿ ದೊಡ್ಡದರಲ್ಲಿ ಹಿಡಿಯುವುದು ಸುಮಾರು 85 ಲೀಟರ್ ಗಾಳಿ. ಹೆದರಿದವನು ನಿಮಿಷಕ್ಕೆ 40 ಲೀಟರ್ ಎಳೆದರೂ 20 ಮೀಟರಿನಲ್ಲಿ ಅದು ಮೂರು ಪಟ್ಟು, ಅಂದರೆ ಒಂದು ನಿಮಿಷವೂ ಬಾರದು. ಒಬ್ಬರೇ ಆಳಕ್ಕೆ ಹೋಗುವವರು 3 ಲೀಟರಿನ ಪೋನಿ, ಅಂದರೆ ತುರ್ತಿಗೆಂದು ಬೇರೆಯಾಗಿ ಒಯ್ಯುವ ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ, ಅದಕ್ಕೆ ಅರ್ಥವಿದೆ. ನೇತ್ರಾಣಿಯ 10–15 ಮೀಟರಿಗೆ ಆ ದುಡ್ಡು ಉಳಿಸಿ. ಗೇಜು 100 ಬಾರ್‌ಗೆ ಇಳಿದಾಗ ಹಿಂತಿರುಗಿ, 50 ಉಳಿದಿರುವಾಗಲೇ ಮೇಲೆ ಬನ್ನಿ, ಬಡ್ಡಿಯನ್ನು ಎರಡು ಕಾಲ್ಬಡಿತದ ದೂರದಲ್ಲಿಟ್ಟುಕೊಳ್ಳಿ.

ಅವತ್ತೇ ಎರಡನೇ ಡೈವ್‌ಗೂ ಇಳಿದೆವು. ಭಾವ ಕೇಳದೆಯೇ ನನ್ನ ಬೆನ್ನ ಹಿಂದೆ ಬಂದು ನಾಬ್ ತಿರುಗಿಸಿ ನೋಡಿದರು. ನಾನು ಅವರ ಹಳದಿ ಮೌತ್‌ಪೀಸ್ ಬಾಯಿಗಿಟ್ಟು ಉಸಿರೆಳೆದೆ. ಬಾಯಿ ತುಂಬ ಮರಳು.

“ಎಲ್ಲಿ ಎಳಕೊಂಡು ಬಂದ್ರಿ ಭಾವ ಇದನ್ನ?”

“ಆಮೆ ಹಿಂದೆ,” ಅಂದರು, ಕ್ಲಿಪ್ಪಿಗೆ ಸಿಕ್ಕಿಸುತ್ತಾ.