ಇಬ್ಬರಿಗೂ ಒಂದೇ ನಂಬರ್

ಬದಿಯಡ್ಕದಲ್ಲಿ ಭಾವನ ಡಿಟಿಪಿ ಅಂಗಡಿ. ಕನ್ನಡ, ಮಲಯಾಳ ಎರಡರಲ್ಲೂ ಮದುವೆ ಕಾಗದ ಮಾಡುತ್ತಾರೆ. ಉಬುಂಟು ಲಿನಕ್ಸ್ ಇರುವ ಎರಡು ಕಂಪ್ಯೂಟರ್, ಮೂಲೆಯಲ್ಲೊಂದು ಸರ್ವರ್. ಎನ್‌ಎಫ್‌ಎಸ್ (ಸರ್ವರಿನ ಫೈಲುಗಳನ್ನು ಬೇರೆ ಕಂಪ್ಯೂಟರುಗಳಿಗೆ ಹಂಚುವ ವ್ಯವಸ್ಥೆ) ಹಾಕಿಕೊಟ್ಟವನು ನಾನೇ.

“ನನ್ನ ಫೈಲ್ ಅಳಿಸಿದ್ದು ಯಾರು ಮಾರಾಯಾ?” ಅಂತ ಭಾವನ ಫೋನು.

ಹೋಗಿ ನೋಡಿದರೆ ಎಲ್ಲ ಫೈಲಿಗೂ ಒಬ್ಬನೇ ಯಜಮಾನ: 1000. ಉಬುಂಟು ಮೊದಲ ಬಳಕೆದಾರನಿಗೆ ಕೊಡುವ ನಂಬರ್ ಅದು. ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಭಾವನೂ 1000, ಕೆಲಸದ ಹುಡುಗನೂ 1000. ಹೆಸರು ಬೇರೆಯಾದರೇನು? ಮಾಮೂಲಿ ಎನ್‌ಎಫ್‌ಎಸ್ ನೋಡುವುದು ನಂಬರನ್ನು. ಪಾಸ್‌ವರ್ಡ್ ಕೇಳುವುದೇ ಇಲ್ಲ, ಕ್ಲೈಂಟ್ (ಫೈಲು ಕೇಳುವ ಕಂಪ್ಯೂಟರ್) ಹೇಳಿದ್ದನ್ನು ಸುಮ್ನೆ ನಂಬುತ್ತದೆ. ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ, ಬಂದರೆ ಅವನ ಅಧಿಕಾರ ಕಿತ್ತುಕೊಳ್ಳುವ ರೂಟ್ ಸ್ಕ್ವಾಶ್ ಇದೆಯಲ್ವಾ ಅಂತ ನಾನು ಧೈರ್ಯದಲ್ಲಿದ್ದೆ. ಅದು ತಡೆಯುವುದು ರೂಟನ್ನು ಮಾತ್ರ. ರೂಟ್ ಆದವನು ಅಲ್ಲೇ 1000 ಆಗಿ ಬಂದರೆ ಬಾಗಿಲು ತೆರೆದೇ ಇದೆ!

ನಂಬರ್ ಬದಲಿಸಿದರೆ ಸಾಕಿತ್ತೇನೋ. ನನಗೆ ಹಟ, ಬಂದವರು ಯಾರೆಂದು ಪರೀಕ್ಷಿಸುವ ಕರ್ಬೆರೋಸ್ ಹಾಕಿದೆ. ಈಗ ಪಾಸ್‌ವರ್ಡ್ ಕೊಟ್ಟು ಟಿಕೆಟ್ (ಗುರುತಿನ ಚೀಟಿಯಂಥದ್ದು) ತೆಗೆದುಕೊಂಡವರಿಗೆ ಮಾತ್ರ ಫೈಲು.

ಮರುದಿನ ಹುಡುಗನ ಕಂಪ್ಯೂಟರಿಗೆ ಟಿಕೆಟೇ ಸಿಗಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ ಗಡಿಯಾರ 20 ನಿಮಿಷ ಹಿಂದೆ. ಕರ್ಬೆರೋಸ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಸಹಿಸುವುದಿಲ್ಲ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಹೊಸದು ಹಾಕಿ, ಸಮಯ ಸರ್ವರಿನಿಂದಲೇ ಬರುವ ಹಾಗೆ ಮಾಡಿದೆ.

ಅಳಿಸಿದ ಕಾಗದವನ್ನು ಭಾವ ಮತ್ತೆ ಟೈಪ್ ಮಾಡಿದರು, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು.