ಮತ್ತೆ ಮೊದಲಿಂದ

18 ನವೆಂಬರ್ 2024, ಸೋಮವಾರ
ದಾವಣಗೆರೆ

ನಿನ್ನೆ ಇಡೀ ದಿನ ಮಗನ ಹಿಂದೆ ಮೂತ್ರ ತುಂಬೋ ಕ್ಯಾನ್ ಹಿಡ್ಕೊಂಡು ಓಡಾಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಹೋದ ವಾರ ಡಾಕ್ಟರು ಅವನ ಎತ್ತರ ಅಳೆದು, ಕಿಡ್ನಿ ರಕ್ತವನ್ನ ಎಷ್ಟು ಚೆನ್ನಾಗಿ ಸೋಸುತ್ತೆ ಅಂತ ಅಲ್ಲೇ ಲೆಕ್ಕ ಹಾಕಿದ್ದರು. 118 ಸೆಂಟಿಮೀಟರನ್ನು 0.413ರಿಂದ ಗುಣಿಸಿ, ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಮೂತ್ರಕ್ಕೆ ಬಿಡುವ ಕಸ) 0.6ರಿಂದ ಭಾಗಿಸಿದರೆ 81. ಈ ವಯಸ್ಸಿಗೆ 90ರ ಮೇಲಿರಬೇಕಂತೆ. "ಇದು ಅಂದಾಜು ಅಷ್ಟೇ ಅಮ್ಮಾ. 24 ಗಂಟೆ ಮೂತ್ರ ಹಿಡಿದು ತನ್ನಿ, ಪ್ರೋಟೀನೂ ನೋಡೋಣ" ಅಂದರು.

ಬೆಳಗ್ಗೆ ಎದ್ದ ತಕ್ಷಣದ್ದು ಚೆಲ್ಲಿ ಟೈಮ್ ಬರೆದುಕೊಳ್ಳಬೇಕು. ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಅದೇ ಹೊತ್ತಿಗೆ ಮಾಡಿಸುವುದೂ ಸೇರಿ. ತಂಪಲ್ಲಿಡಬೇಕು. ಅತ್ತೆ ತಕರಾರು ಎತ್ತಿದ್ದು ಇಲ್ಲೇ. "ಬೆಣ್ಣೆ ಇಡೋ ಫ್ರಿಜ್ಜಿನಾಗೆ ಅದನ್ನ ಇಡ್ತೀಯೇನೆ?" ಕೊನೆಗೆ ಬಚ್ಚಲ ಮೂಲೆಯಲ್ಲಿ ಬಕೆಟ್ಟಿಗೆ ಐಸ್ ತುಂಬಿ ಕ್ಯಾನ್ ಕೂರಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಮದುವೆ ಮನೆ ಐಸ್‌ಕ್ರೀಮಿಗೂ ಇಷ್ಟು ಉಪಚಾರ ಇರಲ್ಲ.

ಸಂಜೆ ಅಪ್ಪನ ಜೊತೆ ಮಂಡಕ್ಕಿ ಮಿರ್ಚಿ ತರೋಕೆ ಹೋದವನು ವಾಪಸ್ ಬಂದಾಗ ಚಡ್ಡಿ ಅಂಚು ಒದ್ದೆ. ಕೇಳಿದರೆ ಬಾಯಿ ಬಿಡಲಿಲ್ಲ. ರಾತ್ರಿ ಮಲಗಿಸುವಾಗ ಕಿವಿಯಲ್ಲಿ ಹೇಳಿದ: "ಅಮ್ಮ, ಮಿರ್ಚಿ ಗಾಡಿ ಹಿಂದೆ ಗೋಡೆಗೆ ಹೊಯ್ದೆ."

"ಒಂದ್ಸಲ ತಾನೇ, ಸುಮ್ನೆ ಕೊಟ್ಟುಬಿಡು" ಅಂದರು ಮನೆಯವರು. ಅತ್ತೆ ಇನ್ನೂ ಜಾಣೆ: "ಕಮ್ಮಿ ಬಿದ್ದಷ್ಟು ನೀರು ಹಾಕು." ನಗು ತಡೆಯಲಾಗಲಿಲ್ಲ. ನೀರು ಬೆರೆಸಿದರೆ ಅಳತೆ ಏರುತ್ತೆ, ಮೂತ್ರ ಅಷ್ಟೇ ತೆಳ್ಳಗೂ ಆಗುತ್ತೆ. ಎರಡನ್ನೂ ಗುಣಿಸಿದರೆ ಮತ್ತೆ ಅದೇ ಲೆಕ್ಕ. ಗೋಡೆಗೆ ಹೋದ ಕ್ರಿಯಾಟಿನಿನ್ ವಾಪಸ್ ಬರಲ್ಲ ಅಲ್ವಾ?

20 ಕೆಜಿ ಹುಡುಗ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಯ್ಯುತ್ತಾನೆ. ಅದರಲ್ಲಿ ಒಂದು ಸಲದ್ದು ತಪ್ಪಿದರೂ ಜಾಸ್ತಿನೇ. ಕಿಡ್ನಿ ಇರುವುದಕ್ಕಿಂತ ಮಂದ ಅಂತ ರಿಪೋರ್ಟ್ ಬರುತ್ತೆ. ಕ್ಯಾನ್ ಕೊಟ್ಟ ಸಿಸ್ಟರ್ ಮೊದಲೇ ಹೇಳಿದ್ದರು, "ತಪ್ಪಿದರೆ ಮುಚ್ಚಿಡಬೇಡಿ, ಬೇರೆ ಕ್ಯಾನ್ ಕೊಡ್ತೀವಿ" ಅಂತ. ಇವತ್ತು ಎಂಟು ಗಂಟೆಗೇ ಹೋಗಿ ಹೊಸದು ತಂದೆ. ಗೋಡೆ ವಿಷಯ ಕೇಳಿ ಅವರೇ ನಕ್ಕರು.

ನಾಳೆ ಸ್ಕೂಲಿಗೆ ರಜೆ. ಮಿರ್ಚಿ ಮನೆಗೇ ಬರುತ್ತೆ.