ಜರ್ಮನ್ನಿನಲ್ಲಿ ಡ್ಯೂಟಿಯ ವೇಳೆ ಕೇಳುವುದು

ಕಾರವಾರದಲ್ಲಿ ನನ್ನ ಬಳಿ ಜರ್ಮನ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಮುಗಿಸಿದ ಹುಡುಗಿಯರು. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ, ಮಟ್ಟದ ಭಾಷೆ ಬೇಕಾಗುವುದರಿಂದ ಅವರ ಗಮನವೆಲ್ಲ ಪರೀಕ್ಷೆಯ ಮೇಲಿರುವುದು ಸಹಜ. ಆದರೂ ಎದುರಿನವರ ಕೆಲಸದ ವೇಳೆಯನ್ನು ಸರಿಯಾಗಿ ಕೇಳುವುದನ್ನೂ ಬಂದ ಉತ್ತರವನ್ನು ತಪ್ಪಿಲ್ಲದೆ ಗ್ರಹಿಸುವುದನ್ನೂ ಮೊದಲು ಗಟ್ಟಿಮಾಡಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ವಾರ್ಡಿನಲ್ಲಿ ರೋಗಿಯ ಹೊಣೆ ಯಾರ ಕೈಯಿಂದ ಯಾರ ಕೈಗೆ, ಯಾವಾಗ ಹೋಗುತ್ತದೆ ಎಂಬುದು ಇದರ ಮೇಲೆಯೇ ನಿಂತಿದೆ.

'ವಾನ್ ಆರ್ಬೈಟನ್ ಝೀ?' ಎಂದರೆ ಯಾವಾಗ ಕೆಲಸ ಮಾಡುತ್ತೀರಿ ಎಂದಷ್ಟೇ. ಅದಕ್ಕೆ ಸೋಮವಾರದಿಂದ ಶುಕ್ರವಾರ ಎಂದು ಯಾರಾದರೂ ಹೇಳಿದರೆ ಆ ಉತ್ತರದಲ್ಲಿ ತಪ್ಪಿಲ್ಲ. ಗಂಟೆಯೇ ತಿಳಿಯಬೇಕಿದ್ದರೆ 'ಫೊನ್ ವಾನ್ ಬಿಸ್ ವಾನ್ ಆರ್ಬೈಟನ್ ಝೀ?', ಅಂದರೆ ಎಷ್ಟರಿಂದ ಎಷ್ಟರವರೆಗೆ, ಎಂದೇ ಕೇಳಬೇಕು. ಸಲುಗೆ ಬೆಳೆದ ಸಹೋದ್ಯೋಗಿಗೆ ಇದೇ ಪ್ರಶ್ನೆ 'ಆರ್ಬೈಟೆಸ್ಟ್ ದು' ಎಂದಾಗುತ್ತದೆ.

ಮಲ್ಲಾಪುರದ ಕೈಗಾ ಟೌನ್‌ಶಿಪ್‌ನಿಂದ ಬರುವ ವಿದ್ಯಾರ್ಥಿನಿಯೊಬ್ಬಳಿಗೆ ತರಗತಿಯಲ್ಲಿ ಗೆಳತಿಯರು ಅವಳ ತಂದೆಯ ಡ್ಯೂಟಿಯ ಬಗ್ಗೆ ಹೀಗೆ ಕೇಳಿದಾಗ, ಅವಳು ಉತ್ತರಿಸುವ ಮೊದಲು 'ಯಾವ ವಾರದ್ದು?' ಎಂದು ಮರಳಿ ಕೇಳಿದಳು. ಶಿಫ್ಟ್ ಕೆಲಸದವರ ಮನೆಯಲ್ಲಿ ಬೆಳೆದವಳಿಗೆ ಮಾತ್ರ ಅಷ್ಟು ಬೇಗ ಹೊಳೆಯುವ ಮಾತದು. ಅಂದಿನಿಂದ ಪ್ರಶ್ನೆಯ ಜೊತೆ 'ದೀಝೆ ವೋಖೆ' (ಈ ವಾರ), 'ನೆಕ್ಸ್ಟೆ ವೋಖೆ' (ಮುಂದಿನ ವಾರ) ಎಂಬುದನ್ನೂ ಸೇರಿಸಿಯೇ ಅಭ್ಯಾಸ ಮಾಡಿಸುತ್ತಿದ್ದೇನೆ. ಬೆಳಗಿನ ಪಾಳಿಗೆ ಫ್ರ್ಯೂದೀನ್ಸ್ಟ್, ಮಧ್ಯಾಹ್ನದ ನಂತರದ ಪಾಳಿಗೆ ಶ್ಪೇಟ್‌ದೀನ್ಸ್ಟ್, ರಾತ್ರಿಯದಕ್ಕೆ ನಾಖ್ಟ್‌ದೀನ್ಸ್ಟ್ ಎನ್ನುತ್ತಾರೆ.

ಉತ್ತರ ಕೇಳಿಸಿಕೊಳ್ಳುವಾಗ ಎಚ್ಚರ ಬೇಕಾದದ್ದು 'ಹಾಲ್ಪ್' (ಅರ್ಧ) ಬಂದಾಗ. 'ಹಾಲ್ಪ್ ಆಖ್ಟ್' ಎಂದರೆ ಏಳೂವರೆ; ಆಖ್ಟ್ ಎಂದರೆ ಎಂಟು ಎಂದು ಕಲಿತವರು ಅದನ್ನು ಎಂಟೂವರೆ ಎಂದು ತಿಳಿದರೆ ಡ್ಯೂಟಿಗೆ ಒಂದು ಗಂಟೆ ತಡವಾಗುತ್ತದೆ. ಅನುಮಾನವಿದ್ದರೆ ಸಂಕೋಚಪಡದೆ 'ಝೀಬೆನ್ ಊರ್ ದ್ರೈಸಿಶ್?', ಅಂದರೆ 7:30 ತಾನೇ, ಎಂದು ಖಚಿತಪಡಿಸಿಕೊಳ್ಳಬೇಕು. ಡ್ಯೂಟಿ ಪಟ್ಟಿಯಾದ 'ದೀನ್ಸ್ಟ್‌ಪ್ಲಾನ್'ನಲ್ಲಿ 24 ಗಂಟೆಯ ಲೆಕ್ಕವಿರುವುದರಿಂದ ಅಲ್ಲಿ ಈ ಗೊಂದಲವಿಲ್ಲ.

ಆ ಪಟ್ಟಿಯನ್ನು ಓದುವಾಗ 1994ರ ಜರ್ಮನ್ ಕೆಲಸದ ವೇಳೆಯ ಕಾನೂನು ತಿಳಿದಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ದಿನಕ್ಕೆ 8 ಗಂಟೆಯ ಕೆಲಸ ಎಂಬುದು ಅದರ ಸಾಮಾನ್ಯ ನಿಯಮ. ಆರು ತಿಂಗಳು ಅಥವಾ 24 ವಾರಗಳ ಸರಾಸರಿ 8 ಗಂಟೆಯನ್ನು ಮೀರದಿದ್ದರೆ ಒಂದು ದಿನ 10 ಗಂಟೆಯವರೆಗೂ ಮಾಡಿಸಬಹುದು. ಆರು ಗಂಟೆ ಮೀರಿದ ಕೆಲಸಕ್ಕೆ ಕನಿಷ್ಠ 30 ನಿಮಿಷದ ಬಿಡುವು ಕಡ್ಡಾಯ. ಎರಡು ಡ್ಯೂಟಿಗಳ ನಡುವೆ 11 ಗಂಟೆಯ ವಿಶ್ರಾಂತಿ ಇರಬೇಕು; ಆಸ್ಪತ್ರೆಗಳು ಇದನ್ನು ಒಂದು ಗಂಟೆ ಇಳಿಸಬಹುದಾದರೂ ಮುಂದೆ ಅದನ್ನು ತುಂಬಿಕೊಡಬೇಕು. ಹಾಗಾಗಿ ರಾತ್ರಿ 9:30ಕ್ಕೆ ಮುಗಿದ ಡ್ಯೂಟಿಯ ಮರುದಿನ ಬೆಳಗ್ಗೆ 6ಕ್ಕೆ ಹೆಸರು ಹಾಕಿದ್ದು ಕಂಡರೆ, ಹೊಸಬಳೆಂದು ಸುಮ್ಮನಿರದೆ ವಿಚಾರಿಸಬೇಕು.

ಮುಂದಿನ ಪಾಠಕ್ಕೆ 'ಕ್ಯೊನೆನ್ ವೀರ್ ದೇನ್ ದೀನ್ಸ್ಟ್ ತೌಶೆನ್?', ನಾವು ಡ್ಯೂಟಿ ಬದಲಾಯಿಸಿಕೊಳ್ಳಬಹುದೇ, ಎಂಬ ಪ್ರಶ್ನೆಯನ್ನು ಇಟ್ಟುಕೊಂಡಿದ್ದೇನೆ. ಗೆಳತಿ ಒಪ್ಪಿದ ಮೇಲೂ ವಾರ್ಡಿನ ಮುಖ್ಯಸ್ಥರನ್ನು ಕೇಳಿ, ಪಟ್ಟಿಯಲ್ಲಿ ತಿದ್ದಿಸಿಕೊಳ್ಳುವವರೆಗಿನ ಸಂಭಾಷಣೆಯನ್ನು ಅದೇ ದಿನ ಮಾಡಿಸುವೆ.